ಆನ್ಸಾನಿನಲ್ಲೊಂದು ಬಾಣಂತನ

ಆನ್ಸಾನ್,
2018 ಮಾರ್ಚ್ 11, ಭಾನುವಾರ

ಪ್ರೀತಿಯ ಮುದುಕಾ,

ಹೇಗಿದ್ದೀ? ಎಡಗಿವಿ ಸೋರುವುದು ನಿಂತಿತೇ? ಕುರಿಕೊಬ್ಬು ಕಾಯಿಸಿ ಬಿಟ್ಟುಕೊಳ್ಳಬೇಡ ಎಂದು ಎಷ್ಟು ಹೇಳಿ ಬಂದರೂ ನೀನು ಬಿಟ್ಟುಕೊಂಡಿರುತ್ತೀ ಎಂದು ನನಗೆ ಗೊತ್ತು. ಮೂವತ್ತೊಂದು ವರ್ಷ ಆಸ್ಪತ್ರೆಯ ಗಾಡಿ ಓಡಿಸಿದ ಮನುಷ್ಯನಿಗೆ ಇಂಜಿನ್ನಿಗೂ ಕಿವಿಗೂ ವ್ಯತ್ಯಾಸ ತಿಳಿಯದೆ ಹೋಯಿತಲ್ಲ! ಆಡುಗಳು ಎಷ್ಟು ಈದವು? ಬಿಳಿಕಿವಿಯದು ಪ್ರತಿ ವರ್ಷ ಮೊದಲ ಮರಿಯನ್ನು ಒದ್ದು ದೂಡುತ್ತದೆ. ಅದನ್ನು ಕಟ್ಟಿ ನಿಲ್ಲಿಸಿ ಮರಿಯ ಬಾಯನ್ನು ಕೆಚ್ಚಲಿಗೆ ಹಚ್ಚಿಸು, ನಿನ್ನ ಹತ್ತಿರ ಆಗದಿದ್ದರೆ ಪಕ್ಕದ ಮನೆಯವಳನ್ನು ಕರೆ, ನಾಚಿಕೆ ಬೇಡ. ಚಳಿ ಇನ್ನೂ ಬಿಟ್ಟಿರಲಿಕ್ಕಿಲ್ಲ. ದಪ್ಪ ಅಂಗಿಯ ಗುಂಡಿ ಕಿತ್ತಿದ್ದನ್ನು ಹೊಲಿಯದೆ ಬಂದೆ, ಅದೊಂದು ಇಲ್ಲಿ ಕೂತರೂ ನೆನಪಾಗುತ್ತದೆ.

ಫೋನು ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಎನ್ನಬೇಡ. ಫೋನಿನಲ್ಲಿ ನೀನು “ಆಂ? ಆಂ?” ಎನ್ನುತ್ತೀ, ಪಕ್ಕದ ಮನೆಯವಳು ನನ್ನ ಮಾತನ್ನು ನಿನ್ನ ಬಲಗಿವಿಗೆ ಕೂಗಿ ಹೇಳುತ್ತಾಳೆ. ಕೇರಿಗೆಲ್ಲ ಕೇಳುವಂತೆ ಕೂಗುವ ಮಾತಲ್ಲ ಇದು. ಅಳಿಯನ ಜೊತೆ ಕೆಲಸ ಮಾಡುವ ಪುರೆವ್ ಎಂಬವನು ಇವತ್ತು ಊರಿಗೆ ಹೊರಟಿದ್ದಾನೆ. ನಮ್ಮ ಅರ್ವೈಖೇರಿನ ಮೇಲೆಯೇ ಹೋಗುತ್ತಾನಂತೆ, ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಅವನಿಗೆ ಟೀ ಕೊಡು, ಉಪ್ಪು ಕಮ್ಮಿ ಹಾಕು.

“ಹೆಣ್ಣುಮಗು, ತಾಯಿ ಮಗು ಇಬ್ಬರೂ ಇದ್ದಾರೆ” ಎಂದಷ್ಟೇ ನಿನಗೆ ಮುಟ್ಟಿದೆ. ಅದು ನಿಜ. ಇಬ್ಬರೂ ಇದ್ದಾರೆ. ಆದರೆ “ಚೆನ್ನಾಗಿದ್ದಾರೆ” ಎಂದು ನಾನು ಹೇಳಲಿಲ್ಲ, ನೀನು ಗಮನಿಸಿದೆಯೋ ಇಲ್ಲವೋ. ನನ್ನ ಕೆಲಸ ಏನೆಂದು ಬಲ್ಲವನು ನೀನೊಬ್ಬನೇ. ಹಿಮದಲ್ಲಿ, ಮಣ್ಣುಗಾಳಿಯಲ್ಲಿ ಎಷ್ಟು ಹೆರಿಗೆಗೆ ನನ್ನನ್ನು ಒಯ್ದು ಬಾಗಿಲಲ್ಲಿ ಇಳಿಸಿ, ಗಾಡಿಯೊಳಗೆ ಕೂತು ಕಾದಿದ್ದೀ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

ಜನವರಿ ಇಪ್ಪತ್ತಕ್ಕೆ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ನನ್ನ ಒಣಮಾಂಸ, ಗಟ್ಟಿಮೊಸರು ಎಲ್ಲ ಕಿತ್ತುಕೊಂಡರು. ಬಾಣಂತಿಗೆ ಎಂದು ಹೊಟ್ಟೆಯ ಮೇಲೆ ಕೈಯಾಡಿಸಿ ತೋರಿಸಿದೆ. ಆ ಪೊಲೀಸು ಹುಡುಗಿ ನನ್ನ ಹೊಟ್ಟೆಯನ್ನೇ ನೋಡಿ ನಕ್ಕಳು, ಅರುವತ್ತೊಂದಕ್ಕೆ ಬಸುರಿ ಎಂದುಕೊಂಡಳೋ ಏನೋ. ಇವರ ಮನೆ ಎಂದರೆ ಎರಡನೇ ಮಹಡಿಯ ಒಂದು ಕೋಣೆ. ಕೆಳಗೆ ಮನೆಯೊಡತಿ ಅಜ್ಜಿ ಇರುತ್ತಾಳೆ. ನಾನು ಮಾಂಸ ಬೇಯಿಸಿದಾಗಲೆಲ್ಲ ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದಳು. “ಕುರಿನಾತ, ಕುರಿನಾತ ಅಂತಿದಾಳೆ” ಎಂದು ನಮ್ಮ ಸೊಲೊಂಗೊ ಬಿಡಿಸಿ ಹೇಳಿದಳು. ನಾನು ಈ ದೇಶದ ಭಾಷೆಯಲ್ಲಿ ಮೊದಲು ಕಲಿತ ಮಾತು ಅದೇ.

ನಮ್ಮ ಹುಡುಗಿ ಹೇಗೆ ಇಳಿದುಹೋಗಿದ್ದಳು ಎನ್ನುತ್ತೀ! ಹೊಟ್ಟೆ ಒಂದು ಬಿಟ್ಟರೆ ಉಳಿದದ್ದೆಲ್ಲ ಮೂಳೆ. ಅವಳು ಹುಟ್ಟಿದ ದಿನ ಕಾಮನಬಿಲ್ಲು ಕಂಡಿತೆಂದು ಸೊಲೊಂಗೊ ಎಂದು ಹೆಸರಿಟ್ಟೆವು. ಈ ದೇಶಕ್ಕೂ ನಮ್ಮವರು ಸೊಲೊಂಗೊಸ್ ಎನ್ನುವುದರಿಂದ, “ಹೆಸರೇ ಎಳ್ಕೊಂಡ್ಹೋಯ್ತು ಬಿಡು” ಎಂದು ನೀನು ತಮಾಷೆ ಮಾಡಿದ್ದೆ. ಅವಳು ನಮಗೆ ಹೇಳದೆ ಮುಚ್ಚಿಟ್ಟದ್ದನ್ನು ಬಂದ ಮೂರನೇ ದಿನ ಹೇಳಿದಳು. ಭಾಷಾ ಕಾಲೇಜಿನ ಫೀಸು ಕಟ್ಟಲಾಗದೆ ಹೋದ ಬೇಸಿಗೆಯಲ್ಲೇ ಬಿಟ್ಟಿದ್ದಾಳೆ. ಕಾಲೇಜು ಬಿಟ್ಟ ಮೇಲೆ ವೀಸಾ ಹೋಯಿತು, ವೀಸಾ ಹೋದ ಮೇಲೆ ವಿಮೆಯೂ ಹೋಯಿತು. ಅಳಿಯ ತುವ್ಶಿನ್‌ಗೆ ಕಾರ್ಖಾನೆಯ ಕಾಗದಪತ್ರ, ವಿಮೆ ಎಲ್ಲ ಸರಿಯಾಗಿಯೇ ಇದೆ, ಆದರೆ ಅವನ ತರಹದ ವೀಸಾದವರು ಹೆಂಡತಿಯನ್ನು ಅದರೊಳಗೆ ಸೇರಿಸುವಂತಿಲ್ಲ. ಅವನ ಹಲ್ಲು ನೋವಿಗೆ ಸರ್ಕಾರ ದುಡ್ಡು ಕೊಡುತ್ತದೆ, ಅವನ ಮಗುವಿಗೆ ಕೊಡುವುದಿಲ್ಲ. “ಹಾಗಾದ್ರೆ ನೀನೇ ಹೆತ್ಬಿಡು” ಎಂದು ಸೊಲೊಂಗೊ ಅವನಿಗೆ ಅಣಕಿಸಿದಳು. ಮೂವರೂ ನಕ್ಕೆವು.

ಆಸ್ಪತ್ರೆ ಆಸ್ಪತ್ರೆ ಸುತ್ತಿದೆವು. ನಮ್ಮ ಜೊತೆ ಖುಲಾನ್ ಬರುತ್ತಿದ್ದಳು. ಹದಿನೈದು ವರ್ಷದ ಹಿಂದೆ ಇಲ್ಲಿಯವನನ್ನು ಮದುವೆಯಾಗಿ ಬಂದ ನಮ್ಮ ಸೀಮೆಯ ಹೆಣ್ಣು. ಚರ್ಚಿನವರು ಭಾನುವಾರ ನಡೆಸುವ ಬಿಟ್ಟಿ ದವಾಖಾನೆಯಲ್ಲಿ ದುಭಾಷಿ. ಹೋದಲ್ಲೆಲ್ಲ ಮೊದಲು ಹಣದ ಕಿಟಕಿ. ಕಿಟಕಿಯೊಳಗಿನವಳು ಸೊಲೊಂಗೊಳ ಮುಖ ನೋಡುವ ಮೊದಲು ವಿಮೆಯ ಸಂಖ್ಯೆ ಕೇಳುತ್ತಿದ್ದಳು. ಇಲ್ಲವೆಂದರೆ ಬೇರೆ ಬಣ್ಣದ ಪಟ್ಟಿ ತೆಗೆಯುತ್ತಿದ್ದಳು. ಅದರಲ್ಲಿ ಎಲ್ಲದಕ್ಕೂ ಮೂರುಪಟ್ಟು. ಹೊಟ್ಟೆಯ ಚಿತ್ರ ತೆಗೆಯಲು ಇಲ್ಲಿಯ ದುಡ್ಡಿನಲ್ಲಿ ತೊಂಬತ್ತು ಸಾವಿರ ವನ್. ಸುಸೂತ್ರ ಹೆರಿಗೆಯಾದರೆ ಮೂವತ್ತು ಲಕ್ಷ, ಕೊಯ್ದು ತೆಗೆದರೆ ಎಂಬತ್ತು ಲಕ್ಷ, ದಾಖಲಾಗುವ ಮೊದಲೇ ಇಪ್ಪತ್ತು ಲಕ್ಷ ಮುಂಗಡ. ತುವ್ಶಿನ್‌ನ ತಿಂಗಳ ಸಂಬಳ ಹತ್ತೊಂಬತ್ತು ಲಕ್ಷ. ಮಗು ಹುಟ್ಟುವುದಕ್ಕೂ ಮುಂಗಡ ಕೇಳುವ ಊರನ್ನು ನೀನು ಕಂಡಿದ್ದೀಯಾ? ನಾವು ಹೋದ ಮನೆಗಳಲ್ಲಿ ಒಂದು ಬಟ್ಟಲು ಹಾಲು ಕೊಟ್ಟು ಕೈ ಮುಗಿಯುತ್ತಿದ್ದರು.

ಮೂರನೇ ಆಸ್ಪತ್ರೆಯಲ್ಲಿ ಒಬ್ಬ ಹರೆಯದ ಡಾಕ್ಟರು ಸಿಕ್ಕ. ಒಳ್ಳೆಯವನೇ. ಮಗು ತಲೆ ಕೆಳಗಾಗಿದೆ, ಎಲ್ಲ ಸರಿಯಾಗಿದೆ ಎಂದ. ಖುಲಾನ್ ಹೆಮ್ಮೆಯಿಂದ, ಈಯಮ್ಮ ಊರಲ್ಲಿ ಸಾವಿರದ ನಾನೂರು ಹೆರಿಗೆ ಮಾಡಿಸಿದವಳು ಎಂದು ನನ್ನನ್ನು ತೋರಿಸಿದಳು. ಅವನು ನಕ್ಕು ಏನೋ ಹೇಳಿದ. ಖುಲಾನ್ ಹೇಳಲೋ ಬೇಡವೋ ಎಂದು ತಡವರಿಸಿ, “ಈಗ ಕಾಲ ಬೇರೆ ಅಜ್ಜಿ, ಇನ್ಮೇಲೆ ನೀವು ಹೊರಗ್ ಕೂತು ರೆಸ್ಟ್ ತಗೊಳ್ಳಿ ಅಂತಿದಾರೆ” ಎಂದಳು. ಹೆರಿಗೆ ಕೋಣೆಗೆ ಗಂಡನೊಬ್ಬನನ್ನೇ ಬಿಡುವುದಂತೆ. ನಾನು ಹೊರಗೆ ಬೆಂಚಿನ ಮೇಲೆ ಕೂತೆ.

ಮನೆಯಲ್ಲಿ ಆಮೇಲಿನ ದಿನಗಳು ಹೇಗಿದ್ದವೆಂದು ಕೇಳಬೇಡ. ಚಳಿಗಾಲದ ಹಬ್ಬಕ್ಕೆ ರೊಟ್ಟಿ ಪೇರಿಸಿ ಇಟ್ಟೆ, ಯಾರೂ ಮುಟ್ಟಲಿಲ್ಲ. ತುವ್ಶಿನ್ ಮುಂಗಡ ಸಂಬಳ ಕೇಳಲು ಹೋಗಿ ಬೈಸಿಕೊಂಡು ಬಂದ. “ನನ್ನ ಕೇಳ್ಕೊಂಡು ನಿನ್ನ ಹೆಂಡ್ತಿ ಬಸ್ರಿಯಾದ್ಲಾ?” ಎಂದನಂತೆ ಮೇಸ್ತ್ರಿ. ಬಂದವನು ಗೋಡೆಗೆ ಮುಖ ಮಾಡಿ ಮಲಗಿದ. ಸೊಲೊಂಗೊ ಅವನ ಬೆನ್ನಿಗೆ, “ಊರಿಗೆ ಹೋಗಿ ಹೆರ್ತೀನಿ ಅಂದಾಗ ಬೇಡ ಅಂದೋನು ನೀನು” ಎಂದಳು. ಅವನು, “ಸಿಕ್ಕಿಬಿದ್ರೆ ಐದು ವರ್ಷ ವಾಪಸ್ ಬರೋ ಹಾಗಿಲ್ಲ ಅಂತ ಅತ್ತೋಳು ನೀನು” ಎಂದ. ಇಬ್ಬರದ್ದೂ ನಿಜ. ನಾನು ನಡುವೆ ಕೂತು ಕೂಸಿನ ಬಟ್ಟೆ ಹೊಲಿದೆ. ನೀನು ಫೋನಿನಲ್ಲಿ “ನಮ್ಮನೆ ಗಾಡಿ ಮಾರ್ಬಿಡ್ತೀನಿ” ಎಂದೆ, ನಾನು ಬೇಡವೇ ಬೇಡ ಎಂದು ಕಿರುಚಿದೆ, ನೆನಪಿದೆಯಾ? ಅದಕ್ಕೆ ಕೊಳ್ಳುವವರಾದರೂ ಎಲ್ಲಿದ್ದಾರೆ, ಮುದುಕಾ, ಅದರ ಬಾಗಿಲಿಗೆ ಹಗ್ಗ ಕಟ್ಟಿದವಳೇ ನಾನು.

ಖುಲಾನ್ ಮಾತ್ರ ಬಿಡಲಿಲ್ಲ. ಕಾಗದವಿಲ್ಲದ ಬಸುರಿಯರಿಗೆಂದು ಚರ್ಚಿನವರ ಬಳಿ ಒಂದು ನಿಧಿ ಇದೆ, ಅರ್ಜಿ ಹಾಕಿದ್ದೇನೆ, ನೋಡೋಣ ಎಂದಳು. ಒಂದು ವಾರವಾಯಿತು, ಎರಡು ವಾರವಾಯಿತು. ನಾವು ಕಾಯುವುದನ್ನೇ ಬಿಟ್ಟೆವು.

ಫೆಬ್ರವರಿ ಇಪ್ಪತ್ತೇಳು, ಮಂಗಳವಾರ. ತುವ್ಶಿನ್ ಆರೂವರೆಗೆ ಕಾರ್ಖಾನೆಗೆ ಹೋದ. ಏಳಕ್ಕೆ ಸೊಲೊಂಗೊಗೆ ನೋವು ಬಂತು. ಚೊಚ್ಚಲು, ಸಂಜೆಯವರೆಗೆ ಎಳೆದೀತು ಎಂದುಕೊಂಡರೆ ಹುಡುಗಿಯ ಮೈ ನನ್ನ ಮೈಯಂತೆ, ಬೇಗ ಬೇಗ ಬಿಟ್ಟುಕೊಂಡಿತು. ನಡುವೆ ಖುಲಾನಳ ಫೋನು ಬಂತು; ಅವಳ ಮಾತು ಈಗ ಅರ್ಧ ಇಲ್ಲಿಯದು ಅರ್ಧ ನಮ್ಮದು, ನನಗೆ ಸರಿಯಾಗಿ ತಿಳಿಯಲಿಲ್ಲ. ಹನ್ನೊಂದಕ್ಕೆ ನೀರಿನ ಚೀಲ ಒಡೆಯಿತು. ನೀರು ಕಾಯಿಸಿಟ್ಟಿದ್ದೆ, ಕತ್ತರಿ ಕುದಿಸಿದ್ದೆ, ಹಾಸಿಗೆಗೆ ಪ್ಲಾಸ್ಟಿಕ್ ಹಾಸಿದ್ದೆ. ಅವಳು ಗೋಡೆಯ ಕಂಬಿ ಹಿಡಿದು ಮಂಡಿಯೂರಿ, “ಅಮ್ಮಾ, ನನ್ಕೈಲಿ ಆಗಲ್ಲಮ್ಮಾ” ಎಂದಳು. “ಹಾಗಂದೋರೆಲ್ಲ ಹೆತ್ತಿದಾರೆ, ಬಾಯ್ಮುಚ್ಕೊಂಡು ತಳ್ಳು” ಎಂದೆ. ನಾನು ಎಲ್ಲರಿಗೂ ಬೈಯುವ ಹಾಗೆಯೇ ಬೈದೆ. ಹನ್ನೊಂದು ನಲವತ್ತಕ್ಕೆ ಮಗು ಬಂತು. ಮುದುಕಾ, ಆ ಮಗು ನನ್ನ ಎರಡೂ ಅಂಗೈಯೊಳಗೆ ಜಾರಿ ಬಂದಾಗ, ಬಿಸಿಬಿಸಿಯಾಗಿ, ಕಣ್ಣು ಬಿಟ್ಟುಕೊಂಡು, ನಾನು ನಗುತ್ತಿದ್ದೆ. ಅದನ್ನೂ ಬರೆದುಬಿಡುತ್ತೇನೆ. ಜೋರಾಗಿ ನಗುತ್ತಿದ್ದೆ.

ಮಗುವಿನ ಹಿಂದೆಯೇ ಕಸ ಬಿತ್ತು, ಪೂರ್ತಿಯಾಗಿಯೇ ಬಿತ್ತು, ತಿರುಗಿಸಿ ನೋಡಿದೆ. ಆದರೆ ರಕ್ತ ನಿಲ್ಲಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟರೆ ಕಲ್ಲಾಗಬೇಕಾದ ಗರ್ಭಕೋಶ ನಾದಿದ ಹಿಟ್ಟಿನಂತೆ ಮೆತ್ತಗೆ. ತಿಕ್ಕಿದೆ. ಮಗುವನ್ನು ಮೊಲೆಗೆ ಹಚ್ಚಿದೆ. ಮುಷ್ಟಿ ಒಳಗಿಟ್ಟು ಒತ್ತಿದೆ. ಊರಲ್ಲಾದರೆ ನನ್ನ ತಗಡಿನ ಪೆಟ್ಟಿಗೆಯಲ್ಲಿ ಸೂಜಿಮದ್ದು ಇರುತ್ತಿತ್ತು, ಹೊರಗೆ ನಿನ್ನ ಗಾಡಿ ಇರುತ್ತಿತ್ತು. “ಅನುಮಾನ ಬಂದ್ರೆ ಯೋಚ್ನೆ ಮಾಡ್ಬೇಡ, ಗಾಡಿಗೆ ಹತ್ಸು” ಎಂದು ನೀನು ಕಿಟಕಿಯಿಂದ ಕೂಗುತ್ತಿದ್ದೆ. ಇಲ್ಲಿ ನನ್ನ ಕೈಯೆರಡು ಬಿಟ್ಟರೆ ಏನೂ ಇರಲಿಲ್ಲ. ಪ್ಲಾಸ್ಟಿಕ್ಕಿನ ಮೇಲಿಂದ ರಕ್ತ ಬಾಗಿಲಿನವರೆಗೆ ಹರಿಯಿತು. ಸೊಲೊಂಗೊ, “ಅಮ್ಮಾ, ಕಿವೀಲಿ ಗುಯ್ ಅಂತಿದೆ” ಎಂದಳು. ಆ ಮಾತಿನ ಅರ್ಥ ನಿನಗೂ ಗೊತ್ತು, ನನಗೂ ಗೊತ್ತು.

ತುವ್ಶಿನ್‌ನ ಫೋನು ಕಾರ್ಖಾನೆಯ ಬೀರುವಿನಲ್ಲಿ ಬೀಗದೊಳಗೆ ಇರುತ್ತದೆ. ಇಲ್ಲಿ ಆಂಬುಲೆನ್ಸಿಗೆ ಯಾವ ಸಂಖ್ಯೆ ಎಂದು ಐದು ವಾರದಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ. ಅದನ್ನು ಕೇಳುವುದು ನನಗೆ ಅವಮಾನವೆನಿಸಿತ್ತೋ ಏನೋ. ಖುಲಾನಳನ್ನು ಕರೆಯೋಣವೆಂದರೆ ನಮ್ಮ ಫೋನು ಕೋಣೆಯ ಆ ಮೂಲೆಯಲ್ಲಿತ್ತು. ಒಂದು ಕೈ ಮಗಳೊಳಗೆ ಇಟ್ಟುಕೊಂಡೇ, ಇನ್ನೊಂದು ಕೈಯಿಂದ ಬಾಣಲೆ ತೆಗೆದು ನೆಲಕ್ಕೆ ಬಡಿದೆ, ಬಡಿದೆ, ಬಡಿದೆ. ಕೆಳಗಿನ ಅಜ್ಜಿ ಬೈಯುತ್ತ ಮೆಟ್ಟಿಲು ಹತ್ತಿ ಬಂದಳು. ಬಾಗಿಲು ನೂಕಿದಳು. ನೋಡಿದವಳು ಚಪ್ಪಲಿ ಬಿಡದೆ ಒಳಗೆ ಬಂದು, ಮಗುವನ್ನೆತ್ತಿ ತನ್ನ ಸ್ವೆಟರಿನೊಳಗೆ ಹಾಕಿಕೊಂಡು, ಫೋನಿನಲ್ಲಿ ಕಿರುಚಿದಳು. ಆಂಬುಲೆನ್ಸು ಒಂಬತ್ತು ನಿಮಿಷಕ್ಕೆ ಬಂತು. ಒಂಬತ್ತೇ ನಿಮಿಷ! ನೀನು ಒಂಬತ್ತು ಗಂಟೆ ಓಡಿಸಿದ್ದುಂಟು. ಮೊದಲೇ ಕರೆದಿದ್ದರೆ ಎಂದು ನಾನು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಆಸ್ಪತ್ರೆಯವರು ಅವತ್ತು ಮುಂಗಡ ಕೇಳಲಿಲ್ಲ, ಅದನ್ನು ಹೇಳಲೇಬೇಕು. ಓಡುತ್ತಲೇ ಒಳಗೆ ಒಯ್ದರು. ಅವಳಿಗೆ ಹನ್ನೊಂದು ಚೀಲ ರಕ್ತ ಹಾಕಿದರು. ತುವ್ಶಿನ್ ಎಣ್ಣೆಮೆತ್ತಿದ ಬಟ್ಟೆಯಲ್ಲೇ ಓಡಿ ಬಂದ. ಖುಲಾನ್ ಬಂದಳು. ಡಾಕ್ಟರು ಹೊರಬಂದು ಅವನ ಕೈಗೆ ಕಾಗದ ಕೊಟ್ಟ: ಗರ್ಭಕೋಶ ತೆಗೆಯದಿದ್ದರೆ ಉಳಿಯುವುದಿಲ್ಲ. ಅಳಿಯ ನನ್ನ ಮುಖ ನೋಡಿದ. “ಅತ್ತೆ, ನೀವ್ ಹೇಳಿ” ಎಂದ. ನಾನು ಹೇಳಿದೆ, ಸಹಿ ಹಾಕಪ್ಪಾ ಎಂದು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಮುದುಕಾ. ನಮ್ಮ ಮನೆಯ ಒಂದೇ ಬಳ್ಳಿ.

ಎಚ್ಚರವಾದ ಮೇಲೆ ಅವಳಿಗೆ ಹೇಳುವ ಕೆಲಸವೂ ನನಗೇ ಬಂತು. ಕೇಳಿದವಳು ಅಳಲಿಲ್ಲ. “ತುವ್ಶಿನ್‌ಗೆ ಮೂರು ಮಕ್ಕಳು ಬೇಕು ಅಂತಿದ್ದ” ಎಂದಳು, ಬೇರೆ ಯಾರದ್ದೋ ಸುದ್ದಿ ಹೇಳುವಂತೆ. ಅವತ್ತಿನಿಂದ ಅವನು ಹತ್ತಿರ ಬಂದರೆ ಗೋಡೆಯತ್ತ ಹೊರಳುತ್ತಾಳೆ. ಮಗುವಿಗೆ ಹಾಲಿಳಿಯಲಿಲ್ಲ, ಅಷ್ಟು ರಕ್ತ ಹೋದ ಮೈಯಲ್ಲಿ ಎಲ್ಲಿಂದ ಇಳಿಯಬೇಕು? ಡಬ್ಬಿಯ ಹಾಲು ಕುಡಿಸುತ್ತಿದ್ದೇವೆ. ಮಗು ಗಟ್ಟಿಯಾಗಿದೆ, ಮೂರು ಕಿಲೋ ಇನ್ನೂರು ಗ್ರಾಂ, ಹಣೆ ನಿನ್ನದು, ಅದೃಷ್ಟ ಯಾರದ್ದೋ ಗೊತ್ತಿಲ್ಲ. ಕೆಳಗಿನ ಅಜ್ಜಿ ದಿನವೂ ಸಮುದ್ರದ ಸೊಪ್ಪಿನ ಸಾರು ಮಾಡಿ ಪಾತ್ರೆಯಲ್ಲಿ ಹೊತ್ತು ಆಸ್ಪತ್ರೆಗೆ ಬರುತ್ತಾಳೆ, ಇಲ್ಲಿಯ ಬಾಣಂತಿಯರಿಗೆ ಅದೇ ಮದ್ದಂತೆ. ಸೊಲೊಂಗೊಗೆ ಚಮಚದಲ್ಲಿ ಕುಡಿಸಿ, ಮಿಕ್ಕದ್ದನ್ನು ನನ್ನ ಮುಂದೆ ಇಟ್ಟು, ನಾನು ಕುಡಿಯುವವರೆಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಲೋಳೆಲೋಳೆ. ಕುಡಿಯುತ್ತೇನೆ.

ಬಿಲ್ಲು ಒಂದು ಕೋಟಿ ಎಂಬತ್ತು ಲಕ್ಷ ವನ್ ಆಗಿದೆ. ನಮ್ಮ ದುಡ್ಡಿನಲ್ಲಿ ನಾಲ್ಕು ಕೋಟಿ ತುಗ್ರಿಕ್. ಚರ್ಚಿನವರು ಒಂದಿಷ್ಟು ಕಟ್ಟುತ್ತಾರೆ, ಕಾರ್ಖಾನೆಯ ನಮ್ಮ ಹುಡುಗರು ಒಂದು ದಿನದ ಕೂಲಿ ಒಟ್ಟುಮಾಡಿ ಕೊಟ್ಟರು, ಬೈದ ಆ ಮೇಸ್ತ್ರಿಯೂ ಹಾಕಿದನಂತೆ. ಉಳಿದದ್ದನ್ನು ತಿಂಗಳು ತಿಂಗಳು ಕಟ್ಟುತ್ತೇನೆಂದು ತುವ್ಶಿನ್ ಬರೆದುಕೊಟ್ಟಿದ್ದಾನೆ. ಮೂರು ವರ್ಷ ಹಿಡಿಯುತ್ತದೆ. ನನ್ನ ವೀಸಾ ಏಪ್ರಿಲ್ ಹದಿನೆಂಟಕ್ಕೆ ಮುಗಿಯುತ್ತದೆ. ಸೊಲೊಂಗೊ ಮಗುವನ್ನು ಕಟ್ಟಿಕೊಂಡು ನನ್ನ ಜೊತೆ ಊರಿಗೆ ಬರುವುದು, ಅವನು ಇಲ್ಲೇ ಇರುವುದು ಎಂದು ತೀರ್ಮಾನವಾಗಿದೆ. ಮಗು ಹೆಜ್ಜೆಯಿಡುವುದನ್ನು ಅವನು ನೋಡುವುದಿಲ್ಲ. ಗಂಡ ಹೆಂಡತಿ ಮೂರು ವರ್ಷ ಫೋನಿನಲ್ಲಿ ಏನು ಮಾತಾಡುತ್ತಾರೋ, ಈಗ ಒಂದೇ ಕೋಣೆಯಲ್ಲಿ ಕೂತು ಮಾತಾಡದವರು.

ಎಲ್ಲರೂ ದುಡ್ಡನ್ನು ಬೈಯುತ್ತಾರೆ. “ದುಡ್ಡಿಲ್ದೋರ ಹಣೆಬರಹ ಇಷ್ಟೇ” ಎಂದು ಚರ್ಚಿನವರು, “ಈ ದೇಶಕ್ಕೆ ನಮ್ಮ ಕೈಕಾಲು ಬೇಕು, ನಮ್ಮ ಮಕ್ಕಳು ಬೇಡ” ಎಂದು ನಮ್ಮ ಹುಡುಗರು. ಸೊಲೊಂಗೊ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾಳೆ: “ನಮ್ಮಮ್ಮ ಇರ್ಲಿಲ್ಲ ಅಂದಿದ್ರೆ ಅವತ್ತೇ ಸತ್ತೋಗ್ತಿದ್ದೆ. ಆಂಬುಲೆನ್ಸ್ ಬರೋವರ್ಗೂ ನನ್ನ ಜೀವ ಕೈಯಲ್ಲಿ ಹಿಡ್ದಿದ್ದು ಅಮ್ಮನೇ.” ನರ್ಸುಗಳು ನನ್ನನ್ನು ಕಂಡರೆ ಬಗ್ಗಿ ನಮಸ್ಕರಿಸುತ್ತಾರೆ. ಖುಲಾನ್ ಒಬ್ಬಳು ನನ್ನ ಕೈ ಹಿಡಿದು ಅಳುತ್ತಾಳೆ. ನಿಧಿಯಿಂದ ಹಣ ಮಂಜೂರಾದದ್ದು ಅದೇ ದಿನ. ಅದನ್ನೇ ಅವಳು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು. ನನಗೆ ತಿಳಿಯಲಿಲ್ಲ ಎಂದದ್ದಕ್ಕೆ, “ನಾನು ಬಿಡಿಸಿ ಹೇಳ್ಬೇಕಿತ್ತು, ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ” ಎನ್ನುತ್ತಾಳೆ. ಅವಳಿಗೆ ಊಟ ಸೇರುತ್ತಿಲ್ಲವಂತೆ.

ಮಗುವಿಗೆ ಹೆಸರು ನೀನೇ ಆರಿಸು, ಕಿವಿಯಲ್ಲಿ ಮೂರು ಸಲ ಹೇಳುವವನು ನೀನೇ ತಾನೆ. ದೊಡ್ಡ ಹೆಸರು ಬೇಡ. ಬಿಸಿಲು ಬಂದಾಗ ಹೊರಗೆ ಕೂರು, ಒಬ್ಬನೇ ಎಂದು ಅಡಿಗೆ ಬಿಡಬೇಡ. ನಿನ್ನ ಕಾಲಿನ ಶಕ್ತಿ, ಕಣ್ಣಿನ ಬೆಳಕು ಹಾಗೇ ಇರಲಿ, ಅಂಗಳದ ಮರಿಗಳೆಲ್ಲ ಉಳಿಯಲಿ ಎಂದು ದಿನಾ ಹಾಲು ಚಿಮುಕಿಸಿ ಬೇಡುತ್ತಿದ್ದೇನೆ, ಡಬ್ಬಿಯ ಹಾಲಾದರೂ.

ನಿನ್ನ ಮುದುಕಿ,
ದೆಜಿದ್

ತಾ. ಕ. ಪುರೆವ್ ಬಂದು ಕೆಳಗೆ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಹಾಗೇ ಮಡಿಸಿಬಿಡೋಣ ಎಂದಿದ್ದೆ, ಆಗಲಿಲ್ಲ. ಖುಲಾನ್ ಎಂಟು ಗಂಟೆಗೆ ಹೇಳಿದ ಒಂದೊಂದು ಮಾತೂ ನನಗೆ ತಿಳಿದಿತ್ತು. “ಅಮ್ಮಾ, ದುಡ್ಡು ಸಿಕ್ತು, ಹೆರಿಗೆ ಖರ್ಚು ಪೂರ್ತಿ ಅವ್ರೇ ಕಟ್ತಾರೆ, ಹಾಸಿಗೆ ಕಾದಿರ್ಸಿದಾರೆ, ನೋವು ಬಂದ ತಕ್ಷಣ ಟ್ಯಾಕ್ಸಿ ಹತ್ತಿ” ಎಂದಳು. ಸೊಲೊಂಗೊ ಆಗ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನರಳುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ನಾನು “ಹೂಂ, ಹೂಂ, ಇನ್ನೂ ನೋವೇ ಇಲ್ಲ” ಎಂದು ಫೋನಿಟ್ಟೆ. ಮಗಳು ಯಾರು ಎಂದು ಕೇಳಿದಾಗ ಯಾರೋ ಎಂದೆ. ದುಡ್ಡಿಗಾಗಿ ಅಲ್ಲ, ಮುದುಕಾ. ಮತ್ತೆ ಆ ಬೆಂಚಿನ ಮೇಲೆ ಕೂರಲು ನನಗೆ ಮನಸ್ಸಾಗಲಿಲ್ಲ. ನನ್ನ ಮಗಳ ಮಗುವನ್ನು ನಾನೇ ಹಿಡಿಯಬೇಕೆನ್ನಿಸಿತು, ಅಷ್ಟೇ. ಈಗ ಖುಲಾನ್ ತನ್ನದೇ ತಪ್ಪೆಂದು ಅಳುತ್ತಾಳೆ, ನಾನು ಅವಳ ಬೆನ್ನು ಸವರುತ್ತೇನೆ. ಮೊದಲು ಅವಳಿಗೆ ಹೇಳಲೋ, ಸೊಲೊಂಗೊಗೆ ಹೇಳಲೋ? ನೀನು ಬರೆದ ಹಾಗೆ ಮಾಡುತ್ತೇನೆ. ಯಾರಿಗೂ ಹೇಳಬೇಡ ಎಂದು ಮಾತ್ರ ಬರೆಯಬೇಡ, ಬರೆದರೆ ಹಾಗೇ ಇದ್ದುಬಿಡುತ್ತೇನೆ.